ಕನ್ನಡಿ ನೋಡಲು ಹೆದರುವ ಸುಲ್ತಾನ

ಓದುಗರ ಪತ್ರ:

"ಕಳೆದ ಸಂಚಿಕೆಯಲ್ಲಿ ಗಿರೀಶ ಕಾರ್ನಾಡರ 'ತುಘಲಕ್' ನಾಟಕದ ಬಗ್ಗೆ ಬರೆಯುತ್ತಾ, ಸುಲ್ತಾನ ತನ್ನದೇ ಆದರ್ಶದ ಚಿತ್ರಕ್ಕೆ ಮರುಳಾದವನು, ಅವನ ಮನಸ್ಸನ್ನು ಅರ್ಥ ಮಾಡಿಕೊಳ್ಳಬೇಕು ಎಂದಿದ್ದೀರಿ. ನನಗೆ ಒಪ್ಪಿಗೆಯಿಲ್ಲ. ಅಪ್ಪನನ್ನೂ ತಮ್ಮನನ್ನೂ ಕೊಂದವನು, ಕೊನೆಗೆ ಮಲತಾಯಿಗೆ ಕಲ್ಲು ಹೊಡೆಸಿದವನು. ನ್ಯಾಯ, ಸಮಾನತೆ ಎಲ್ಲ ಬರೀ ಬಾಯಿಮಾತು. ಇಂಥವನಿಗೆ ಮನಶ್ಶಾಸ್ತ್ರ ಹಚ್ಚುವುದು ಕೊಲೆಗಾರನಿಗೆ ಡಾಕ್ಟರ್ ಸರ್ಟಿಫಿಕೇಟ್ ಬರೆದುಕೊಟ್ಟ ಹಾಗೆ. ನನ್ನ ಪಿಯು ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ತುಘಲಕ್ ಒಬ್ಬ ಡೋಂಗಿ." (ಉಪನ್ಯಾಸಕಿಯೊಬ್ಬರು, ಶಿವಮೊಗ್ಗ)

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ನಾಟಕದ ಪಾತ್ರದ ಮೇಲೆ ಇಷ್ಟು ಸಿಟ್ಟು ಮಾಡಿಕೊಳ್ಳುವ ಮೇಷ್ಟ್ರು ಸಿಕ್ಕ ಮಕ್ಕಳು ಪುಣ್ಯವಂತರು. ಆದರೆ ಆ ಕೊನೆಯ ಸಾಲು ಮಾತ್ರ ನನಗೆ ಮುಳ್ಳಿನ ಹಾಗೆ ಚುಚ್ಚಿತು. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ನೀವು ಹೇಳಿದ್ದರಲ್ಲಿ ನಿಜ ಇರುವುದನ್ನು ಒಪ್ಪಿಬಿಡುತ್ತೇನೆ. ಸತ್ತವರು ಸತ್ತರು. ಕೊಂದವನ ಮನಸ್ಸಿನಲ್ಲಿ ಏನಿತ್ತು ಎಂದು ತಿಳಿದರೆ ಅವರೇನೂ ಎದ್ದು ಬರುವುದಿಲ್ಲ. ಚರಿತ್ರೆಯ ಮಹಮ್ಮದ್ ಬಿನ್ ತುಘಲಕ್ 1325ರಿಂದ 1351ರವರೆಗೆ ಆಳಿದ. ಅವನ ಕ್ರೌರ್ಯ ನಮ್ಮ ನೆಲಕ್ಕೂ ಹೊಸದಲ್ಲ. ಕಲಬುರಗಿ ಸೀಮೆಯ ಸಗರದಲ್ಲಿದ್ದ ಅವನ ಸ್ವಂತ ಸಂಬಂಧಿ ಬಹಾಉದ್ದೀನ ಗುರ್ಶಾಸ್ಪ ದಂಗೆ ಎದ್ದು, ಓಡಿಬಂದು ಕಂಪಿಲಿಯಲ್ಲಿ ಆಶ್ರಯ ಪಡೆದ. ಆಶ್ರಯ ಕೊಟ್ಟ ತಪ್ಪಿಗೆ ಕಂಪಿಲಿರಾಯನ ರಾಜ್ಯವೇ ಅಳಿಯಿತು. ಆಮೇಲೆ ಸಿಕ್ಕಿಬಿದ್ದ ಗುರ್ಶಾಸ್ಪನ ಚರ್ಮ ಸುಲಿಸಿದರು. ಇದನ್ನೆಲ್ಲ ಮರೆತು ಮಾತಾಡಬೇಕು ಅಂತ ನಾನು ಹೇಳುತ್ತಿಲ್ಲ.

ಆದರೆ ನಾವು ಮಾತಾಡುತ್ತಿರುವುದು ನಾಟಕದ ಸುಲ್ತಾನನ ಬಗ್ಗೆ ಅಲ್ವಾ? ಅವನು ಡೋಂಗಿ ಅಲ್ಲ. ನಾಟಕದ ಭಯ ಇರುವುದೇ ಅಲ್ಲಿ.

ಡೋಂಗಿ ಅಂದರೆ ಯಾರು? 'ಹೇಳೋದು ಆಚಾರ, ತಿನ್ನೋದು ಬದನೇಕಾಯಿ' ಅಂತೀವಲ್ಲ, ಅಂಥವನು. ತಾನು ತಿನ್ನುತ್ತಿರುವುದು ಬದನೇಕಾಯಿ ಅಂತ ಅವನಿಗೆ ಚೆನ್ನಾಗಿ ಗೊತ್ತು. ತಿಂದು, ಬಾಯಿ ಒರೆಸಿಕೊಂಡು, ಹಾಯಾಗಿ ಮಲಗುತ್ತಾನೆ. ಕಾರ್ನಾಡರ ಸುಲ್ತಾನ ಮಲಗುವುದೇ ಇಲ್ಲ. ನಾಟಕದ ಶುರುವಿನಲ್ಲೇ ಮಲತಾಯಿ ಅವನ ನಿದ್ದೆಯ ಬಗ್ಗೆ ಚಿಂತೆ ಮಾಡುತ್ತಾಳೆ. ಕೊನೆಯ ದೃಶ್ಯದಲ್ಲಿ ಸಿಂಹಾಸನದ ಮೇಲೆ ಕೂತಲ್ಲೇ ಕಣ್ಣು ಮುಚ್ಚುತ್ತಾನೆ. ಬಾಂಗ್ ಕೇಳಿ ಎಚ್ಚರವಾದರೆ ತಾನು ಎಲ್ಲಿದ್ದೇನೆ ಅಂತಲೇ ತಿಳಿಯದೆ ದಿಗಿಲಿನಿಂದ ಸುತ್ತ ನೋಡುತ್ತಾನೆ. ಸುಳ್ಳು ಹೇಳಿ ದಕ್ಕಿಸಿಕೊಂಡವನ ಎಚ್ಚರ ಹಾಗಿರುವುದಿಲ್ಲ.

ನೀವು ಬರೆದ ಆ ಮಲತಾಯಿಯ ದೃಶ್ಯವನ್ನೇ ತೆಗೆದುಕೊಳ್ಳಿ. ಗುಲಾಬಿ ತೋಟಕ್ಕೆಂದು ಇಟ್ಟ ಜಾಗದಲ್ಲಿ ಖೋಟಾ ತಾಮ್ರದ ನಾಣ್ಯಗಳ ರಾಶಿ. ಜನ ಮನೆಮನೆಯಲ್ಲೂ ಟಂಕಿಸಿದ ನಾಣ್ಯ ಗಾಡಿಗಟ್ಟಲೆ ಬಂದು ಬೀಳುತ್ತಿದೆ. ಅದಕ್ಕೆಲ್ಲ ಬೆಳ್ಳಿ ಕೊಡಬೇಕು, ಏಕೆಂದರೆ ಕೊಡುತ್ತೇನೆ ಎಂದು ಸುಲ್ತಾನ ಮಾತು ಕೊಟ್ಟಿದ್ದಾನೆ. ಅಲ್ಲಿ ಅವಳು ಒಪ್ಪಿಕೊಳ್ಳುತ್ತಾಳೆ, ವಜೀರ ನಜೀಬನನ್ನು ಕೊಲ್ಲಿಸಿದ್ದು ನಾನೇ ಅಂತ. ಯಾಕೆ? ಸುಲ್ತಾನ ಉಳಿಯಲಿ ಅಂತ. ಅಪ್ಪನನ್ನು, ತಮ್ಮನನ್ನು ಕೊಂದದ್ದಕ್ಕಿಂತ ಇದೇನು ದೊಡ್ಡದಲ್ಲ ಅಂತಲೂ ಹೇಳಿಬಿಡುತ್ತಾಳೆ. ಆಗ ಸುಲ್ತಾನ ಹೇಳುವ ಉತ್ತರ ನೋಡಿ. ಕೊಂದದ್ದು ಹೌದು ಅನ್ನುತ್ತಾನೆ. ಆದರೆ ಒಂದು ಆದರ್ಶಕ್ಕಾಗಿ ಕೊಂದೆ ಅನ್ನುತ್ತಾನೆ. ಅದರ ಬೆನ್ನಿಗೇ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲೂ ಹೆದರಿಕೆ, ಸತ್ತವರ ಮುಖ ಎಲ್ಲಿ ಕಾಣುತ್ತದೋ ಎಂದು.

ಮೇಡಂ, ಇಡೀ ನಾಟಕದ ಬೀಗದ ಕೈ ಇದು ಅಂತ ನನ್ನ ನಂಬಿಕೆ. ಗಾಜಿನ ಕನ್ನಡಿ ನೋಡಲಾಗದ ಮನುಷ್ಯ ಸುತ್ತಲಿನ ಜನರನ್ನೇ ಕನ್ನಡಿ ಮಾಡಿಕೊಳ್ಳುತ್ತಾನೆ. ನ್ಯಾಯವಂತ, ಪ್ರಜೆಗಳಿಗಾಗಿ ನಿದ್ದೆಗೆಟ್ಟವನು, ಹಿಂದೂ ಮುಸ್ಲಿಮ್ ಎಂದು ಭೇದ ಮಾಡದವನು ಎಂಬ ಒಂದು ಚಿತ್ರ ಅವನ ತಲೆಯಲ್ಲಿದೆ. ಆ ಚಿತ್ರವನ್ನು ಎದುರಿನವರ ಕಣ್ಣಲ್ಲಿ ಕಾಣಬೇಕು. ಕಾಣದೇ ಹೋದರೆ ಕನ್ನಡಿಯನ್ನೇ ಒಡೆಯಬೇಕು. ಸುಲ್ತಾನನನ್ನು ಬಹಿರಂಗವಾಗಿ ಟೀಕಿಸುತ್ತಿದ್ದ ಧರ್ಮಗುರು ಶೇಖ್ ಇಮಾಮುದ್ದೀನ್ ಮುಖದ ಮೇಲೆ ಹೊಡೆದ ಹಾಗೆ ಸತ್ಯ ಹೇಳಿದ, ಪ್ರಾಣ ಕಳೆದುಕೊಂಡ. ಅವನು ನೋಡಲು ಸುಲ್ತಾನನ ಹಾಗೇ ಇದ್ದ ಎಂದು ಕಾರ್ನಾಡರು ಸುಮ್ನೆ ಬರೆದಿಲ್ಲ. ತನ್ನ ವಿರುದ್ಧ ಪಿತೂರಿ ಮಾಡಿದ ಶಿಹಾಬುದ್ದೀನನನ್ನು ಸುಲ್ತಾನ ತನ್ನ ಕೈಯಾರೆ ಇರಿದ. ಆಮೇಲೆ ಅವನು ಸುಲ್ತಾನನನ್ನು ಕಾಪಾಡಲು ಹೋಗಿ ಹುತಾತ್ಮನಾದ ಎಂದು ಸಾರಿಸಿದ. ಸತ್ತ ಮೇಲೂ ಅವನ ಕಣ್ಣಲ್ಲಿ ತನ್ನ ಚಿತ್ರ ಚೆನ್ನಾಗಿಯೇ ಇರಬೇಕು ನೋಡಿ!

ಕಾಲೇಜಿನಲ್ಲಿದ್ದಾಗ ಈ ನಾಟಕಕ್ಕೆ ನಾನು ಪ್ರಾಂಪ್ಟರ್ ಆಗಿದ್ದೆ. ಸೈಡ್‌ವಿಂಗಿನಲ್ಲಿ ಸ್ಟೂಲ್ ಮೇಲೆ ಕೂತು, ಬ್ಯಾಟರಿ ಹಿಡಿದು, ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋಗುವುದು ನನ್ನ ಕೆಲಸ. ಸುಲ್ತಾನನ ಪಾತ್ರದ ಹುಡುಗನಿಗೆ ಗಂಟಲು ದೊಡ್ಡದು. ಶಿಹಾಬುದ್ದೀನನನ್ನು ಇರಿಯುವಾಗ ಯಕ್ಷಗಾನದ ಬಣ್ಣದ ವೇಷದ ಹಾಗೆ ಅಬ್ಬರಿಸುತ್ತಿದ್ದ. ಮೂರು ದಿನ ಸುಮ್ಮನೆ ನೋಡಿದ ನಮ್ಮ ಮೇಷ್ಟ್ರು ನಾಲ್ಕನೇ ದಿನ ತಡೆದರು. "ನಿನಗೆ ಸಿಟ್ಟು ಬಂದಿಲ್ಲ ಕಣೋ, ನೋವಾಗಿದೆ. ಇಷ್ಟು ಒಳ್ಳೆಯವನಾದ ನನಗೆ ಹೀಗೆ ಮಾಡಿದರಲ್ಲ ಅಂತ ನೋವು. ಆ ನೋವಿನಲ್ಲಿ ಇರಿ" ಅಂದರು. ಹುಡುಗ ಮತ್ತೆ ಮಾಡಿದ. ಈ ಸಲ ಗಂಟಲಿಂದ ಶಬ್ದವೇ ಬರಲಿಲ್ಲ. ಕೈ ಮಾತ್ರ ಏಳುತ್ತಿತ್ತು, ಇಳಿಯುತ್ತಿತ್ತು. ಸುಲ್ತಾನನ ಜೊತೆಗಿರುವ ಚರಿತ್ರಕಾರ ಬರನಿಯ ಪಾತ್ರದವನು ಮುಂದಿನ ಮಾತು ಮರೆತು ನಿಂತ. ನಾನೂ ಹೇಳಿಕೊಡಲು ಮರೆತೆ.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮನೋವಿಶ್ಲೇಷಕಿ ಕರೆನ್ ಹಾರ್ನಿ 1950ರಲ್ಲಿ ಹೊರತಂದ ಒಂದು ಪುಸ್ತಕದಲ್ಲಿ ಇದೇ ವಿಷಯವನ್ನು ಬಿಡಿಸಿಟ್ಟಿದ್ದಾರೆ. ಅವರು ಬರೆದದ್ದು ರಾಜರ ಬಗ್ಗೆ ಅಲ್ಲ, ಸಹಾಯ ಕೇಳಿಕೊಂಡು ಬಂದ ನಮ್ಮ ನಿಮ್ಮಂಥವರ ಬಗ್ಗೆ. ನನಗೆ ತಿಳಿದಷ್ಟು ಹೇಳುತ್ತೇನೆ. ಒಳಗೆ ಅಭದ್ರತೆ ಇರುವ ಮನುಷ್ಯ ತನ್ನದೊಂದು ದೊಡ್ಡ ಚಿತ್ರ ಬರೆದುಕೊಳ್ಳುತ್ತಾನೆ. ಮೊದಲು ಅದು ನೆರಳು ಕೊಡುತ್ತದೆ. ಬರಬರುತ್ತಾ ಅದೇ ಯಜಮಾನ ಆಗುತ್ತದೆ. ನೀನು ಹೀಗಿರಲೇಬೇಕು, ಎಲ್ಲರನ್ನೂ ಕ್ಷಮಿಸಲೇಬೇಕು, ಎಲ್ಲ ತಿಳಿದಿರಲೇಬೇಕು, ದಣಿಯಲೇಬಾರದು ಎಂದು ಹಗಲು ರಾತ್ರಿ ಅಪ್ಪಣೆ ಮಾಡುತ್ತದೆ. ನಿಜವಾದ ಬಡಪಾಯಿ ಮನುಷ್ಯ ಆ ಎತ್ತರಕ್ಕೆ ಏರಲಾರ. ಆಗ ಅವನಿಗೆ ತನ್ನ ಮೇಲೇ ಅಸಹ್ಯ ಹುಟ್ಟುತ್ತದೆ. ಆ ಅಸಹ್ಯವನ್ನು ಹೊತ್ತು ತಿರುಗಲಾಗದೆ ಇನ್ನೊಬ್ಬರ ಮೇಲೆ ಎತ್ತಿಹಾಕುತ್ತಾನೆ. ಇದು ಸರ್ಟಿಫಿಕೇಟ್ ಅಲ್ಲ ಮೇಡಂ. ಹಾವು ಯಾವ ಹುತ್ತದಿಂದ ಬಂತು ಅಂತ ತೋರಿಸುವುದು ಹಾವಿಗೆ ಹಾಲೆರೆದ ಹಾಗಲ್ಲ.

ಇದನ್ನು ನಾನು ಪುಸ್ತಕದಲ್ಲಿ ಮಾತ್ರ ಕಂಡಿಲ್ಲ. ನಾನು ಓದಿದ ಒಂದು ಕಾಲೇಜಿನ ಪ್ರಿನ್ಸಿಪಾಲರು ಸ್ಟಾಫ್‌ರೂಮಿನ ಬಾಗಿಲ ಪಕ್ಕ ಒಂದು ಮರದ ಪೆಟ್ಟಿಗೆ ಹೊಡೆಸಿದ್ದರು. ಹಸಿರು ಬಣ್ಣ, ಸಣ್ಣ ಬೀಗ. ಹೆಸರು ಬರೆಯದೆ ಯಾರು ಬೇಕಾದರೂ ದೂರು ಹಾಕಬಹುದು. ಪ್ರತಿ ಶನಿವಾರ ನಮ್ಮೆದುರೇ ಬೀಗ ತೆಗೆದು ಓದುತ್ತಿದ್ದರು. ನಲ್ಲಿಯಲ್ಲಿ ನೀರಿಲ್ಲ, ಲೈಬ್ರರಿ ಬೇಗ ಮುಚ್ಚುತ್ತಾರೆ ಅಂತ ಚೀಟಿ ಬರುತ್ತಿತ್ತು. ಅವರು ಓಡಾಡಿ ಸರಿ ಮಾಡಿಸುತ್ತಿದ್ದರು. ನಿಜವಾಗಿ ಒಳ್ಳೆಯ ಮನುಷ್ಯರು. ಒಂದು ಶನಿವಾರ ಒಂದು ಚೀಟಿ ಬಂತು: 'ಸಾರ್, ನಿಮ್ಮ ಪಾಠ ನಮಗೆ ಅರ್ಥ ಆಗಲ್ಲ.' ಅವರು ಅದನ್ನೂ ಜೋರಾಗಿಯೇ ಓದಿದರು. ಅರ್ಧಕ್ಕೆ ದನಿ ನಡುಗಿತು. ಸೋಮವಾರ ನಮಗೆಲ್ಲ ಹಾಳೆ ಕೊಟ್ಟು ಆ ಸಾಲನ್ನೇ ಬರೆಸಿದರು. ಅಕ್ಷರ ಹೋಲಿಸಿ ಹುಡುಗನನ್ನು ಹಿಡಿದರು. ಟಿಸಿ ಕೊಡುವಾಗ ಅವರ ಕಣ್ಣಲ್ಲಿ ನೀರಿತ್ತು. "ನಿಮಗೋಸ್ಕರ ನಾನು ಎಷ್ಟೆಲ್ಲ ಮಾಡಿದೆ" ಅನ್ನುತ್ತಿದ್ದರು. ಪೆಟ್ಟಿಗೆ ಅಲ್ಲೇ ಇತ್ತು. ಆಮೇಲೆ ಯಾರೂ ಒಂದು ಚೀಟಿ ಹಾಕಲಿಲ್ಲ. ಅವರು ಶನಿವಾರ ಬೀಗ ತೆಗೆದು, ಖಾಲಿ ಪೆಟ್ಟಿಗೆ ತೋರಿಸಿ, "ನೋಡಿ, ಈಗ ಒಂದೂ ದೂರಿಲ್ಲ" ಅಂತ ಸಂತೋಷಪಡುತ್ತಿದ್ದರು. ಆ ಸಂತೋಷ ನಿಜವಾದದ್ದು. ಅದನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ನಾಟಕ ಶುರುವಾಗುವುದು ಇಂಥದೇ ಪೆಟ್ಟಿಗೆಯಿಂದ. ಸುಲ್ತಾನನ ಮೇಲೆ ಒಬ್ಬ ಬ್ರಾಹ್ಮಣ ದಾವೆ ಹಾಕಿ ಗೆಲ್ಲುತ್ತಾನೆ, ಸುಲ್ತಾನ ತಲೆಬಾಗುತ್ತಾನೆ. ಇದು ಬರೀ ಕಲ್ಪನೆಯೂ ಅಲ್ಲ. 1334ರ ಸುಮಾರಿಗೆ ದಿಲ್ಲಿಗೆ ಬಂದು ಅಲ್ಲಿ ಕಾಜಿಯಾಗಿದ್ದ ಪ್ರವಾಸಿ ಇಬ್ನ್ ಬತೂತ ಇಂಥ ಘಟನೆಗಳನ್ನು ಬರೆದಿಟ್ಟಿದ್ದಾನೆ. ಒಬ್ಬ ಹುಡುಗ ತನ್ನನ್ನು ಸುಲ್ತಾನ ಕಾರಣವಿಲ್ಲದೆ ಹೊಡೆದ ಎಂದು ದೂರಿದಾಗ, ಸುಲ್ತಾನ ಅವನ ಕೈಗೇ ಕೋಲು ಕೊಟ್ಟು 21 ಏಟು ತಿಂದನಂತೆ. ಅದೇ ಬತೂತ, ಈ ಅರಮನೆಯ ಬಾಗಿಲಲ್ಲಿ ದಾನ ಪಡೆದು ಸಿರಿವಂತನಾದ ಬಡವನೋ ಶಿಕ್ಷೆಗೆ ಸಿಕ್ಕವನೋ ಕಾಣದ ದಿನವೇ ಇರಲಿಲ್ಲ ಅಂತಲೂ ಬರೆದಿದ್ದಾನೆ. ಎರಡೂ ಒಬ್ಬನೇ ಮನುಷ್ಯ. ಏಟು ತಿನ್ನುವಾಗ ಒಂದು ಮುಖ, ಕೊಲ್ಲುವಾಗ ಒಂದು ಮುಖ ಅಂತ ಇಲ್ಲ.

ಕೊನೆಯ ಪುರಾವೆ ಅಜೀಜ್. ಬ್ರಾಹ್ಮಣನ ವೇಷ ಹಾಕಿ ದಾವೆ ಗೆದ್ದ ಅಗಸ ಅವನು. ಆಮೇಲೆ ಖಲೀಫನ ವಂಶದವನನ್ನು ಕೊಂದು ಅವನ ವೇಷದಲ್ಲೇ ಬಂದವನು. ಸಿಕ್ಕಿಬಿದ್ದಾಗ ಅವನು ಹೇಳುವುದು: ನಿಮ್ಮ ಒಂದೊಂದು ಅಪ್ಪಣೆಯನ್ನೂ ನನ್ನಷ್ಟು ಶ್ರದ್ಧೆಯಿಂದ ಪಾಲಿಸಿದವರಿಲ್ಲ, ನಾನೇ ನಿಮ್ಮ ನಿಜವಾದ ಶಿಷ್ಯ. ಪ್ರೀತಿಯಿಂದ ತಪ್ಪು ಮಾಡಿದ ಮಲತಾಯಿಗೆ ಕಲ್ಲು, ಈ ವಂಚಕನಿಗೆ ದಖ್ಖನದಲ್ಲಿ ಅಧಿಕಾರ! ಸುಲ್ತಾನ ಡೋಂಗಿಯಾಗಿದ್ದರೆ ಇವನನ್ನು ರಾತ್ರೋರಾತ್ರಿ ಮುಗಿಸುತ್ತಿದ್ದ. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸುಲ್ತಾನನ ಮಾತನ್ನು ಅಕ್ಷರಕ್ಕಕ್ಷರ ನಂಬಿ ಬದುಕಿದವನು ಇವನೊಬ್ಬನೇ. ಒಡೆಯದೆ ಉಳಿದ ಒಂದೇ ಕನ್ನಡಿ. ಅದನ್ನು ಹೇಗೆ ಒಡೆಯುತ್ತಾನೆ ಹೇಳಿ? ಇಷ್ಟು ದಿನ ಜೊತೆಗಿದ್ದ ಬರನಿ ಮಾತ್ರ ಬಿಟ್ಟು ಹೊರಡುತ್ತಾನೆ.

ನನ್ನ ಒಂದು ಹಳೆಯ ದೂರನ್ನೂ ಇಲ್ಲೇ ಹೇಳಿಬಿಡುತ್ತೇನೆ. 1964ರಲ್ಲಿ ಈ ನಾಟಕವನ್ನು ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದಾಗ ಕಾರ್ನಾಡರಿಗೆ 26 ವರ್ಷ. ಆ ವಯಸ್ಸಿನ ಹುಡುಗ ಒಬ್ಬ ದೊರೆಯ ಒಳಗನ್ನು ಇಷ್ಟು ಆಳಕ್ಕೆ ಇಳಿದು ನೋಡಿದ. ನಾವೇನು ಮಾಡಿದೆವು? ಸರ್ಕಾರ ಯಾವ ತಲೆಕೆಟ್ಟ ಆದೇಶ ಹೊರಡಿಸಿದರೂ 'ತುಘಲಕ್ ದರ್ಬಾರು' ಅಂತ ಹೆಡ್‌ಲೈನ್ ಹಾಕುತ್ತೇವೆ. ನಮ್ಮ ಪತ್ರಿಕೆಯಲ್ಲೂ ಬಂದಿದೆ, ಇನ್ನು ಮುಂದೆ ಬರುವುದಿಲ್ಲ. ಹುಚ್ಚ ಅಂದರೂ, ಡೋಂಗಿ ಅಂದರೂ, ಈಚೆಗೆ ಎಲ್ಲರ ಬಾಯಲ್ಲಿರುವ ನಾರ್ಸಿಸಿಸ್ಟ್ (ಸ್ವಮೋಹಿ) ಅಂದರೂ ಫಲ ಒಂದೇ. ಅವನು ಬೇರೆ, ನಾವು ಬೇರೆ ಎಂದು ಬಾಗಿಲು ಹಾಕಿಕೊಳ್ಳುತ್ತೇವೆ. ಹೊರಗೆ ನೋಡಿದರೆ ಸರ್ಕಲ್ಲಿಗೊಂದು ಫ್ಲೆಕ್ಸ್. ಯುವ ನಾಯಕ, ದೀನಬಂಧು, ಕೊಡುಗೈ ದಾನಿ. ಹುಟ್ಟುಹಬ್ಬಕ್ಕೆ ಹಾರ, ಅರವತ್ತಾದರೆ ಅಭಿನಂದನ ಗ್ರಂಥ. ಸಭೆಯಲ್ಲಿ ಒಬ್ಬರಾದರೂ ಎದ್ದು 'ಸ್ವಾಮಿ, ಇದು ಸರಿ ಹೋಗಲಿಲ್ಲ' ಅನ್ನುವುದನ್ನು ಕೇಳಿ ಎಷ್ಟು ವರ್ಷ ಆಯಿತು? ಚಿತ್ರ ಬರೆದುಕೊಂಡವನು ಒಬ್ಬನೇ ಅಲ್ಲ ಮೇಡಂ, ಬಣ್ಣ ತಂದುಕೊಟ್ಟವರು ನಾವು.

ನಿಮ್ಮಲ್ಲಿ ಒಂದು ಕೋರಿಕೆ. ದೌಲತಾಬಾದಿನ ಕೋಟೆಯ ಮೇಲಿನ ರಾತ್ರಿಯ ದೃಶ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ಎಳೆಯ ಕಾವಲುಗಾರನ ವಯಸ್ಸನ್ನು ಸುಲ್ತಾನ ಕೇಳುತ್ತಾನೆ. ಅವನು ಹತ್ತೊಂಬತ್ತು ಅನ್ನುತ್ತಾನೆ. ತಾನು ಇಪ್ಪತ್ತೊಂದರಲ್ಲಿ ಇಲ್ಲಿಗೆ ಬಂದು ಈ ಕೋಟೆ ಕಟ್ಟಿಸಿದ ಕಥೆಯನ್ನು ಸುಲ್ತಾನ ಹೇಳುತ್ತಾನೆ. ಒಂದು ರಾತ್ರಿ ಅರ್ಧ ಕಟ್ಟಿದ ಬಾಗಿಲ ಹತ್ತಿರ, ಪಂಜಿನ ಬೆಳಕಲ್ಲಿ ನಿಂತಿದ್ದಾಗ ತಾನು ಎಂಬುದೇ ಕರಗಿ ಮಣ್ಣು, ಹುಲ್ಲು, ಹೊಗೆ, ಆಕಾಶ ಎಲ್ಲ ಆಗಿಬಿಟ್ಟಿದ್ದನಂತೆ. ಅಷ್ಟರಲ್ಲಿ ದೂರದಿಂದ ಒಬ್ಬ ಕಾವಲುಗಾರ ಎಚ್ಚರಿಕೆಯ ಕೂಗು ಹಾಕಿದ, ಎಲ್ಲ ಚೂರಾಯಿತು. ಆ ಗಳಿಗೆಯನ್ನು ಅಂದಿನಿಂದ ಹುಡುಕುತ್ತಲೇ ಇದ್ದೇನೆ ಅನ್ನುತ್ತಾನೆ. ಅಲ್ಲಿ ಅವನಿಗೆ ಯಾವ ಚಿತ್ರವೂ ಬೇಕಿರಲಿಲ್ಲ, ಯಾವ ಕನ್ನಡಿಯೂ ಬೇಕಿರಲಿಲ್ಲ. ನಿಮ್ಮ ಹುಡುಗ ಹುಡುಗಿಯರ ವಯಸ್ಸು ಆ ಕಾವಲುಗಾರನಿಗಿಂತ ಒಂದೆರಡು ವರ್ಷ ಕಡಿಮೆ ಇರಬಹುದು. ಓದಿ ಮುಗಿದ ಮೇಲೆ ನೀವು ಏನೂ ಹೇಳಬೇಡಿ. ಅವರು ಏನಂದರು ಅಂತ ನನಗೆ ಬರೆದು ಕಳಿಸಿ, ಹೆಸರು ಸಮೇತ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಡೋಂಗಿ ಅಂದರೂ ಹಾಕುತ್ತೇನೆ.