ಕೊರಿಯಾದ ಮನೆಯಡುಗೆ: ಕಿಮ್ಚಿಗಿಂತ ಮೊದಲು ಸಾರು ಕಲಿಯಿರಿ

"ಅಮ್ಮ ಕೊರಿಯಾದವರು, ನಾನು ಬೆಳೆದದ್ದು ಬೆಂಗಳೂರಲ್ಲಿ. ಅಜ್ಜಿ ಮನೆಯ ಅಡುಗೆ ಕಲಿಯಬೇಕು, ಕಿಮ್ಚಿಯಿಂದ ಶುರು ಮಾಡಲೇ?" ಎಂದು ಕೇಳಿದ್ದೀರಿ. ಕಿಮ್ಚಿ, ಅಂದರೆ ಉಪ್ಪು-ಖಾರ ಹಚ್ಚಿ ಹುದುಗಿಸಿದ ಕೋಸು, ಆಮೇಲಿರಲಿ, ದ್ವೆನ್‌ಜಾಂಗ್ ಜಿಗೆಯಿಂದ ಶುರು ಮಾಡಿ ಅನ್ನುತ್ತೇನೆ. ದ್ವೆನ್‌ಜಾಂಗ್ ಎಂಬ ಹುದುಗಿಸಿದ ಸೋಯಾ ಕಾಳಿನ ಪೇಸ್ಟ್ ಹಾಕಿ ಕುದಿಸುವ ಈ ಗಟ್ಟಿ ಸಾರು ಅಲ್ಲಿನ ಮನೆಗಳ ದಿನನಿತ್ಯದ ಊಟ. ಅರ್ಧ ಗಂಟೆಯ ಕೆಲಸ, ತಪ್ಪಿದ್ದು ಅವತ್ತೇ ನಾಲಿಗೆಗೆ ಗೊತ್ತಾಗುತ್ತದೆ.

ಇಬ್ಬರಿಗೆ ಅರ್ಧ ಲೀಟರ್ ಅಕ್ಕಚ್ಚು ತೆಗೆದುಕೊಳ್ಳಿ. ಮೊದಲ ಸಲ ತೊಳೆದದ್ದನ್ನು ಚೆಲ್ಲಿ ಎರಡನೆಯದನ್ನು ಬಳಸಿ. ಅದರ ಗಂಜಿಯಂಶ ಸಾರಿಗೆ ಮೈ ಕೊಡುತ್ತದೆ. ಒಣಗಿಸಿದ ಆಂಚೊವಿ ಮೀನು ಎಂಟು-ಹತ್ತು, ಅಂಗೈಯ ಅರ್ಧದಷ್ಟು ದಾಸಿಮಾ, ಅಂದರೆ ಒಣ ಕಡಲಪಾಚಿ, ಹಾಕಿ ಕಾಯಿಸಿ. ಮೀನಿನ ತಲೆ ಮತ್ತು ಹೊಟ್ಟೆಯ ಕಪ್ಪು ಭಾಗ ತೆಗೆಯದಿದ್ದರೆ ಸಾರು ಕಹಿಯಾಗುತ್ತದೆ. ಕುದಿ ಬಂದ ಕೂಡಲೇ ಪಾಚಿ ತೆಗೆಯಿರಿ, ಇಲ್ಲವಾದರೆ ಲೋಳೆ ಬಿಡುತ್ತದೆ. ಮೀನು ಹತ್ತು ನಿಮಿಷ ಕುದಿಯಲಿ, ಆಮೇಲೆ ಸೋಸಿ. ಅದಕ್ಕೆ ಒಂದೂವರೆ ದೊಡ್ಡ ಚಮಚ ದ್ವೆನ್‌ಜಾಂಗ್ ಕದಡಿ ಆಲೂಗಡ್ಡೆ ಹಾಕಿ. ಅದು ಅರೆಬೆಂದ ಮೇಲೆ ಈರುಳ್ಳಿ, ಝುಕಿನಿ. ಕೊನೆಗೆ 150 ಗ್ರಾಂ ಟೋಫು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು. ಮನೆಯಲ್ಲಿ ಮಾಡಿದ ದ್ವೆನ್‌ಜಾಂಗ್ ಸಾಮಾನ್ಯವಾಗಿ ಅಂಗಡಿಯದಕ್ಕಿಂತ ಉಪ್ಪು, ಹಾಗಾಗಿ ಒಂದು ಚಮಚದಿಂದ ಶುರು ಮಾಡಿ, ರುಚಿ ನೋಡಿ ಸೇರಿಸಿ. ಅದರ ಬದಲು ಜಪಾನಿನ ಸೋಯಾ ಪೇಸ್ಟ್ ಮಿಸೊ ಹಾಕಬೇಡಿ. ಮಿಸೊ ಕುದಿಸಿದರೆ ಘಮ ಹೋಗುತ್ತದೆ, ದ್ವೆನ್‌ಜಾಂಗ್ ಕುದಿದಷ್ಟೂ ಹದವಾಗುತ್ತದೆ.

ಅಜ್ಜಿಯೋ ಚಿಕ್ಕಮ್ಮನೋ ಇದ್ದರೆ "ಎಷ್ಟು ಹಾಕಬೇಕು?" ಎಂದು ಕೇಳಬೇಡಿ, "ಕಣ್ಣಳತೆ" ಅಂದುಬಿಡುತ್ತಾರೆ. ಉಪ್ಪಿನ ಡಬ್ಬಿಯನ್ನು ಅಡುಗೆಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ತೂಗಿಸಿ. ವ್ಯತ್ಯಾಸವೇ ನಿಮ್ಮ ಮನೆಯ ಅಳತೆ. ಅವರ ಊರು ಯಾವುದೆಂದೂ ಕೇಳಿಕೊಳ್ಳಿ. ದಕ್ಷಿಣದ ಜೊಲ್ಲಾ ಕಡೆ ಉಪ್ಪುಮೀನು, ಖಾರ ಎರಡೂ ಧಾರಾಳ. ಉತ್ತರದ ಪ್ಯೊಂಗಾನ್ ಕಡೆ ಕಿಮ್ಚಿ ಸಪ್ಪೆ, ರಸ ಹೆಚ್ಚು. ಇದು ತಿಳಿಯದೆ ಯಾವುದೋ ವಿಡಿಯೊ ನೋಡಿ ಮಾಡಿದರೆ ಅಡುಗೆ ರುಚಿಯಾಗಬಹುದು, ಅದು ನಿಮ್ಮ ಮನೆಯದಾಗುವುದಿಲ್ಲ.

ಇಷ್ಟು ಕೈಗೆ ಬಂದ ಮೇಲೆ ಕಿಮ್ಚಿಗೆ ಇಳಿಯಿರಿ. ಅಲ್ಲಿ ಎಲ್ಲರೂ ಎಡವುವುದು ಉಪ್ಪಿಡುವಾಗ. ಎರಡು ಕೆಜಿ ನಾಪಾ ಕೋಸಿಗೆ, ಅಂದರೆ ಉದ್ದನೆಯ ಚೀನೀ ಕೋಸಿಗೆ, 200 ಗ್ರಾಂ ಕಲ್ಲುಪ್ಪು: ಅದರಲ್ಲಿ ಅರ್ಧದಷ್ಟನ್ನು ಒಂದೂವರೆ ಲೀಟರ್ ನೀರಿಗೆ, ಉಳಿದದ್ದು ದಪ್ಪ ದಂಟಿನ ಸಂದುಗಳಿಗೆ. ಪುಡಿ ಉಪ್ಪನ್ನು ಚಮಚದ ಲೆಕ್ಕದಲ್ಲಿ ಹಾಕಿದರೆ ಅತಿಯಾಗುತ್ತದೆ, ತೂಗಿಯೇ ಹಾಕಿ. ಆರೆಂಟು ಗಂಟೆ ಬಿಡಿ, ನಡುವೆ ಒಮ್ಮೆ ಮಗುಚಿ. ದಂಟು ಬಗ್ಗಿಸಿದರೆ ಮುರಿಯದೆ ಬಾಗಬೇಕು. ಚಟ್ಟೆಂದು ಮುರಿದರೆ ಇನ್ನೂ ಹೊತ್ತು ಬೇಕು. ಮೂರು ನೀರಲ್ಲಿ ತೊಳೆದು, ಬೋರಲು ಹಾಕಿ ಎರಡು ಗಂಟೆ ಬಸಿಯಿರಿ. ಇಲ್ಲಿ ಅವಸರಪಟ್ಟರೆ ಆಮೇಲೆ ಹಚ್ಚುವ ಖಾರದ ಮಸಾಲೆ ನೀರಾಗುತ್ತದೆ. ಆ ಮಸಾಲೆಗೆ ಬೇಕಾದ ಕೊರಿಯಾದ ಗೋಚುಗಾರು ಮೆಣಸಿನಪುಡಿ ಸಿಗದಿದ್ದರೆ ಬೀಜ ತೆಗೆದ ಬ್ಯಾಡಗಿಯನ್ನು ತರಿತರಿಯಾಗಿ ಪುಡಿ ಮಾಡಿ. ಬಣ್ಣದಲ್ಲಿ ಅದಕ್ಕೆ ಹತ್ತಿರ, ಖಾರವೂ ಹಿಡಿತದಲ್ಲಿರುತ್ತದೆ. ಡಬ್ಬಿ ಮುಕ್ಕಾಲು ಮಾತ್ರ ತುಂಬಿ, ಒತ್ತಿ ಗಾಳಿ ತೆಗೆಯಿರಿ. ಬೇಸಿಗೆಯಲ್ಲಿ ಒಂದು ದಿನ ಹೊರಗಿದ್ದರೆ ಸಾಕು, ಗುಳ್ಳೆ ಕಂಡೊಡನೆ ಫ್ರಿಜ್ಜಿಗೆ ಇಡಿ.