ಓದುಗರ ಪ್ರಶ್ನೆಗೆ ಉತ್ತರ: ಲೋಹ ಒಂದೇ, ಬಣ್ಣ ಬೇರೆ

ಪ್ರಶ್ನೆ: ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಕ್ರೋಮಿಯಂ ಕಾರಣವೆಂದು ಓದಿದ್ದೇನೆ. ಒಂದೇ ಲೋಹದಿಂದ ಇಷ್ಟು ಬೇರೆಯಾದ ಎರಡು ಬಣ್ಣಗಳು ಬರುವುದು ಹೇಗೆ?

ಉತ್ತರ: ತಾವು ಓದಿದ್ದು ಸರಿ. ಎರಡು ಹರಳುಗಳಲ್ಲಿಯೂ ಇರುವುದು ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಅದೇ ಕ್ರೋಮಿಯಂ ಅಯಾನು. ಎರಡರಲ್ಲಿಯೂ ಅದು ಅಲ್ಯೂಮಿನಿಯಂ ಇರಬೇಕಾದ ಜಾಗದಲ್ಲಿ ಸೇರಿಕೊಂಡಿರುತ್ತದೆ ಮತ್ತು ಅದರ ಸುತ್ತ ಆರು ಆಕ್ಸಿಜನ್ ಪರಮಾಣುಗಳಿರುತ್ತವೆ. ಇಷ್ಟೆಲ್ಲ ಹೋಲಿಕೆಯಿದ್ದೂ ಬಣ್ಣ ಬೇರೆಯಾಗುವುದು ನೆರೆಹೊರೆಯ ಪ್ರಭಾವದಿಂದ.

ಕ್ರೋಮಿಯಂನಂಥ ಸಂಕ್ರಮಣ ಲೋಹಗಳಲ್ಲಿ ಅರ್ಧಂಬರ್ಧ ತುಂಬಿದ ಐದು ಡಿ ಕಕ್ಷಕಗಳಿರುತ್ತವೆ (ಕಕ್ಷಕವೆಂದರೆ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ನೆಲೆಸುವ ತಾಣ). ಅಯಾನು ಒಂಟಿಯಾಗಿದ್ದರೆ ಐದರ ಶಕ್ತಿಯೂ ಒಂದೇ. ಆರು ಆಕ್ಸಿಜನ್‌ಗಳು ಸುತ್ತುವರಿದೊಡನೆ ಅವು ಕೆಳಗೆ ಮೂರು, ಮೇಲೆ ಎರಡು ಎಂದು ಒಡೆಯುತ್ತವೆ. ಕೆಳಗಿನ ಎಲೆಕ್ಟ್ರಾನು ಮೇಲಕ್ಕೆ ಜಿಗಿಯಬೇಕಾದರೆ ನಡುವಿನ ಅಂತರಕ್ಕೆ ಸರಿಹೊಂದುವ ಬೆಳಕನ್ನು ಹೀರಿಕೊಳ್ಳಬೇಕು, ಹೀರದೆ ಬಿಟ್ಟ ಬೆಳಕೇ ನಮ್ಮ ಕಣ್ಣಿಗೆ ಬಣ್ಣವಾಗಿ ಕಾಣುತ್ತದೆ. ಮಾಣಿಕ್ಯವು ಅಲ್ಯೂಮಿನಿಯಂ ಆಕ್ಸೈಡ್. ಅದರಲ್ಲಿ ಈ ಅಂತರ ಸುಮಾರು 2.23 ಎಲೆಕ್ಟ್ರಾನ್ ವೋಲ್ಟ್ (ಇಂಥ ಸಣ್ಣ ಶಕ್ತಿಗಳನ್ನು ಅಳೆಯುವ ಮಾನ). ಹಾಗಾಗಿ ಹಳದಿ-ಹಸಿರು ಬೆಳಕೂ, ಇನ್ನೊಂದು ಜಿಗಿತದಿಂದಾಗಿ ನೇರಳೆಯೂ ಹೀರಲ್ಪಟ್ಟು, ಕೆಂಪು ಮತ್ತು ತುಸು ನೀಲಿ ಹೊರಬರುತ್ತವೆ. ಪಚ್ಚೆಯಲ್ಲಿ ಬೆರಿಲಿಯಂ, ಸಿಲಿಕಾನ್‌ಗಳೂ ಸೇರಿರುವುದರಿಂದ ಕ್ರೋಮಿಯಂ ಮೇಲೆ ಆಕ್ಸಿಜನ್‌ಗಳ ಪ್ರಭಾವ ಸ್ವಲ್ಪ ಸಡಿಲವಾಗಿ, ಅಂತರ ಸುಮಾರು 2.05ಕ್ಕೆ ಇಳಿಯುತ್ತದೆ. ಇಷ್ಟು ಸಣ್ಣ ಇಳಿಕೆಯೇ ಸಾಕು: ಹೀರಿಕೆಯ ಪಟ್ಟಿ ಕಿತ್ತಳೆ-ಕೆಂಪಿನ ಕಡೆಗೆ ಸರಿದು, ಕೆಂಪು ಬಹುಪಾಲು ಅಡಗಿ, ಹಸಿರು ಉಳಿಯುತ್ತದೆ.

ಇವೆರಡರ ನಡುವೆ ನಿಲ್ಲುವ ಮೂರನೆಯ ಹರಳೊಂದಿದೆ, ಅಲೆಕ್ಸಾಂಡ್ರೈಟ್. ಅದರಲ್ಲಿಯೂ ಬಣ್ಣ ಕೊಡುವುದು ಕ್ರೋಮಿಯಮ್ಮೇ. ಅಂತರ ಮಾತ್ರ ಮಧ್ಯದಲ್ಲಿರುವುದರಿಂದ ಕೆಂಪು, ಹಸಿರು ಎರಡೂ ಹೆಚ್ಚುಕಡಿಮೆ ಸಮನಾಗಿ ಹಾದುಬರುತ್ತವೆ. ಹಗಲ ಬೆಳಕಿನಲ್ಲಿ ಹಸಿರಾಗಿ ಕಂಡ ಹರಳು ಕೆಂಪಂಶ ಹೆಚ್ಚಿರುವ ಮೇಣದಬತ್ತಿಯ ಬೆಳಕಿನಲ್ಲಿ ಕೆಂಪಾಗುತ್ತದೆ. ನನ್ನ ಮಟ್ಟಿಗೆ ತಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮಾಣಿಕ್ಯಕ್ಕೆ ಇನ್ನೊಂದು ಹೆಚ್ಚುಗಾರಿಕೆಯಿದೆ. ಹೀರಿದ ಶಕ್ತಿಯ ಒಂದು ಪಾಲನ್ನು ಅದು 694 ನ್ಯಾನೋಮೀಟರಿನ ಕಡುಗೆಂಪು ಬೆಳಕಾಗಿ ಮರಳಿ ಸೂಸುತ್ತದೆ. ಒಳ್ಳೆಯ ಮಾಣಿಕ್ಯ ಒಳಗಿನಿಂದ ಕೆಂಡದಂತೆ ಹೊಳೆಯುವುದು ಇದರಿಂದಲೇ; 1960ರಲ್ಲಿ ಥಿಯೋಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದ್ದೂ ಮಾಣಿಕ್ಯದ ದಂಡವೊಂದರಿಂದ.

ಪ್ರಶ್ನೆ: ಹಾಗಾದರೆ ಕಾರ್ಖಾನೆಯಲ್ಲಿ ತಯಾರಿಸಿದ ಮಾಣಿಕ್ಯ ನಕಲಿಯೇ?

ಉತ್ತರ: ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಅಲ್ಲ. ಫ್ರಾನ್ಸಿನ ಆಗಸ್ಟ್ ವರ್ನೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಕ್ರೋಮಿಯಂ ಬೆರೆಸಿದ ಅಲ್ಯೂಮಿನಾ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಹನಿಹನಿಯಾಗಿ ಹರಳು ಕಟ್ಟಿಸುತ್ತಾರೆ. ಸಂಯೋಜನೆಯೂ ಬಣ್ಣದ ಕಾರಣವೂ ಗಣಿಯ ಹರಳಿನವೇ. ಸೂಕ್ಷ್ಮದರ್ಶಕದಲ್ಲಿ ಬಾಗಿದ ಗೆರೆಗಳೋ ಗಾಳಿಗುಳ್ಳೆಗಳೋ ಕಂಡರೆ ಪರೀಕ್ಷಕರು ಮೂಲವನ್ನು ಗುರುತಿಸುತ್ತಾರೆ. ಕೆಂಪು ಗಾಜನ್ನು ಮಾಣಿಕ್ಯವೆಂದು ಮಾರುವುದು ಬೇರೆಯ ಮಾತು.

ಪ್ರಶ್ನೆ: ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಕಾಯಿಸಿದರೆ ನೀಲಿ ಬಣ್ಣ ಎಲ್ಲಿ ಹೋಗುತ್ತದೆ?

ಉತ್ತರ: ಪ್ರಯೋಗವನ್ನು ಗಮನವಿಟ್ಟು ನೋಡಿದರೆ ಉತ್ತರ ಪ್ರನಾಳದ ಬಾಯಲ್ಲಿಯೇ ಸಿಗುತ್ತದೆ: ತಳದಲ್ಲಿ ನೀಲಿ ಹರಳು ಬೆಳ್ಳಗಾಗಿ ಪುಡಿಯಾಗುತ್ತಿದ್ದಂತೆ, ಮೇಲಿನ ತಣ್ಣನೆಯ ಗಾಜಿನ ಮೇಲೆ ನೀರಿನ ಹನಿಗಳು ಕಟ್ಟುತ್ತವೆ. ತಾಮ್ರದ ಅಯಾನಿನ ಮಗ್ಗುಲಲ್ಲಿದ್ದ ನೀರಿನ ಅಣುಗಳು ಹೊರಟುಹೋದವು. ಶಕ್ತಿಯ ಅಂತರ ಬದಲಾಗಿ ಹೀರಿಕೆ ಕಣ್ಣಿಗೆ ಕಾಣುವ ಬೆಳಕಿನಿಂದಾಚೆಗೆ ಸರಿಯಿತು. ತಣಿದ ಪುಡಿಗೆ ಒಂದೆರಡು ಹನಿ ನೀರು ಬಿಟ್ಟರೆ ನೀಲಿ ಮರಳುತ್ತದೆ, ಪ್ರನಾಳವೂ ಬಿಸಿಯಾಗುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಕಾಳುಗಳು ನೀಲಿಯಿಂದ ಗುಲಾಬಿಗೆ ತಿರುಗುವುದೂ ಇದೇ ಬಗೆಯದು. ಅಲ್ಲಿ ಕೋಬಾಲ್ಟಿನ ಸುತ್ತಲಿನ ಕ್ಲೋರೈಡ್‌ಗಳ ಜಾಗವನ್ನು ನೀರು ಹಿಡಿಯುತ್ತದೆ. ಕೋಬಾಲ್ಟ್ ಕ್ಲೋರೈಡ್ ವಿಷಕಾರಿಯಾದ್ದರಿಂದ ಆ ಕಾಳುಗಳನ್ನು ಮಕ್ಕಳ ಕೈಗೆ ಕೊಡಬಾರದು.

ಪ್ರಶ್ನೆ: ಟೈಟಾನಿಯಂ ಕೂಡ ಸಂಕ್ರಮಣ ಲೋಹ. ಆದರೂ ಟೈಟಾನಿಯಂ ಡೈಆಕ್ಸೈಡ್ ಬಿಳಿ ಬಣ್ಣಕ್ಕೆ ಬಳಕೆಯಾಗುವುದೇಕೆ?

ಉತ್ತರ: ಅದರಲ್ಲಿ ಟೈಟಾನಿಯಂ ನಾಲ್ಕು ಎಲೆಕ್ಟ್ರಾನುಗಳನ್ನೂ ಕಳೆದುಕೊಂಡಿರುವುದರಿಂದ ಡಿ ಕಕ್ಷಕಗಳು ಬರಿದಾಗಿವೆ, ಜಿಗಿಯಲು ಯಾರೂ ಇಲ್ಲ. ಬೆಳಕನ್ನು ಬಲವಾಗಿ ಬಾಗಿಸುವ ಗುಣದಿಂದಾಗಿ (ರೂಟೈಲ್ ರೂಪದ ವಕ್ರೀಭವನಾಂಕ 2.6ಕ್ಕೂ ಹೆಚ್ಚು) ಅದರ ನುಣುಪು ಪುಡಿ ಎಲ್ಲ ಬಣ್ಣದ ಬೆಳಕನ್ನೂ ಚೆದುರಿಸಿ ಅಚ್ಚ ಬಿಳುಪಾಗಿ ಕಾಣುತ್ತದೆ, ಅಡಿಯ ಪದರವನ್ನೂ ಮುಚ್ಚುತ್ತದೆ.

ಇಲ್ಲಿ ಜಾಣ ಓದುಗರು ಆಕ್ಷೇಪಿಸಬಹುದು: ಪೊಟ್ಯಾಸಿಯಂ ಪರ್ಮಾಂಗನೇಟಿನ ಮ್ಯಾಂಗನೀಸ್‌ನಲ್ಲಿಯೂ ಡಿ ಎಲೆಕ್ಟ್ರಾನು ಒಂದೂ ಇಲ್ಲವಲ್ಲ, ಅದರ ಒಂದು ಹರಳು ಲೋಟ ನೀರನ್ನೇ ನೇರಳೆ ಮಾಡುವುದೇಕೆ? ಆಕ್ಷೇಪ ಸರಿಯಾದುದೇ. ಅಲ್ಲಿ ಜಿಗಿತ ಲೋಹದೊಳಗೆ ನಡೆಯುವುದಿಲ್ಲ, ಆಕ್ಸಿಜನ್‌ನ ಎಲೆಕ್ಟ್ರಾನು ಬೆಳಕನ್ನು ಹೀರಿ ಮ್ಯಾಂಗನೀಸ್ ಕಡೆಗೆ ದಾಟುತ್ತದೆ. ಇಂಥ ವಿದ್ಯುದಂಶ ವರ್ಗಾವಣೆಯ ಬಣ್ಣಗಳು ಡಿ ಜಿಗಿತದ ಬಣ್ಣಗಳಿಗಿಂತ ಎಷ್ಟೋ ಪಾಲು ಗಾಢವಾಗಿರುತ್ತವೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ತಯಾರಾದ ಪ್ರಷ್ಯನ್ ನೀಲಿಯಲ್ಲಿ ಎರಡು ಬಗೆಯ ಕಬ್ಬಿಣದ ಅಯಾನುಗಳ ನಡುವೆ ಇದೇ ದಾಟಾಟ ನಡೆಯುತ್ತದೆ. ನೀಲಮಣಿಯಲ್ಲಿ ಅದು ಕಬ್ಬಿಣ ಮತ್ತು ಟೈಟಾನಿಯಂ ನಡುವಿನದು: ಆ ಹರಳಿನಲ್ಲಿ ಟೈಟಾನಿಯಂ ಒಂದೇ ಇದ್ದರೆ ಬಣ್ಣವಿಲ್ಲ, ಕಬ್ಬಿಣ ಒಂದೇ ಇದ್ದರೆ ಹೆಚ್ಚೆಂದರೆ ಮಂದ ಹಳದಿ, ಎರಡೂ ಅಕ್ಕಪಕ್ಕದಲ್ಲಿ ಕುಳಿತರೆ ಶೇಕಡಾ ಒಂದರ ನೂರನೆಯ ಕೆಲವು ಪಾಲಿನಷ್ಟೇ ಸಾಕು, ಹರಳು ಕಡುನೀಲಿಯಾಗುತ್ತದೆ.