ಕಥೆಯನ್ನು ಬೇಕರಿಯಿಂದಲೇ ಶುರು ಮಾಡಿ

ನಮಸ್ಕಾರ,

ಫ್ರೆಂಚ್ ಕ್ರಾಂತಿಯ 'ಅಸಿನ್ಯಾ' ನೋಟುಗಳ ಬಗ್ಗೆ ನೀವು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡುವ ಕಥೆಯೂ ಅಲ್ಲ.

ಮೊದಲ ಮೂರು ಪುಟ ಪಾಠ ಮಾಡಿದ ಹಾಗಿದೆ. ಖಜಾನೆ ಬರಿದಾಗಿದ್ದು, 1789ರ ಡಿಸೆಂಬರಿನಲ್ಲಿ 40 ಕೋಟಿ ಲಿವ್ರ್ (ಆಗಿನ ಫ್ರಾನ್ಸಿನ ಹಣ) ಮೊತ್ತದ ನೋಟಿಗೆ ಒಪ್ಪಿಗೆ ಸಿಕ್ಕಿದ್ದು, ಎಲ್ಲ ಸರಿ. ಆದರೆ 'ಸರ್ಕಾರ ಬರೀ ಕಾಗದ ಹಂಚಿತು' ಎಂದಿದ್ದೀರಿ. ಅಲ್ಲ. ಚರ್ಚಿನಿಂದ ಕಿತ್ತುಕೊಂಡ ಜಮೀನು ಆ ನೋಟಿಗೆ ಆಧಾರವಾಗಿ ಬೆನ್ನಿಗಿತ್ತು. ಮೊದಮೊದಲು ಬಡ್ಡಿಯೂ ಬರುತ್ತಿತ್ತು. ಅಚ್ಚು ಹಾಕುವುದು ನಿಲ್ಲದೇ ಹೋದ ಮೇಲೆ ಅದು ಬರೀ ಕಾಗದವಾಯಿತು.

ನಿಜವಾದ ಕಥೆ ಇರುವುದು ನಾಲ್ಕನೇ ಪುಟದಲ್ಲಿ. 1790ರ ಬೇಸಿಗೆ, ಪ್ಯಾರಿಸ್. ಬಟ್ಟೆ ಒಗೆಯುವ ಹೆಂಗಸು 5 ಲಿವ್ರ್ ನೋಟು ಹಿಡಿದು ಬೇಕರಿಗೆ ಬರುತ್ತಾಳೆ. ಇಲ್ಲೇ ಎಡವಿದ್ದೀರಿ. 5 ಲಿವ್ರ್ ನೋಟು ಬಂದದ್ದು 1791ರಲ್ಲಿ. ನೀವು ಹೇಳುವ ಹೊತ್ತಿಗೆ ಎಲ್ಲಕ್ಕಿಂತ ಸಣ್ಣ ನೋಟೇ 200 ಲಿವ್ರ್. ದಿನಕ್ಕೆ ಲಿವ್ರ್, ಒಂದೂವರೆ ಲಿವ್ರ್ ದುಡಿಯುವವರು ಅದನ್ನು ಕಣ್ಣಾರೆ ನೋಡುವುದೂ ಕಷ್ಟ, ಅಲ್ವಾ?

ಕಥೆಯನ್ನು 1792ರ ಶುರುವಿಗೆ ತನ್ನಿ. ಅಷ್ಟರಲ್ಲಿ ಜನ ನಾಣ್ಯ ಬಚ್ಚಿಟ್ಟು ಚಿಲ್ಲರೆಯೇ ಮಾಯವಾಗಿತ್ತು. ಊರಿನ ಆಡಳಿತದವರು, ಖಾಸಗಿಯವರು, ಹೀಗೆ ಸಿಕ್ಕವರೆಲ್ಲ ತಮ್ಮದೇ 'ನಂಬಿಕೆ ಚೀಟಿ' ಅಚ್ಚು ಹಾಕಿಸಿದರು. ಚಿಲ್ಲರೆ ಇಲ್ಲ ಅಂತ ನಮ್ಮ ಅಂಗಡಿಯವರು ಚಾಕಲೇಟ್ ಕೊಡುತ್ತಾರಲ್ಲ, ಅದರ ದೊಡ್ಡಣ್ಣ ಇದು. ಯಾರ ಚೀಟಿಯನ್ನು ನಂಬುವುದು? ಅವಳಿಗೂ ಬೇಕರಿಯವನಿಗೂ ಜಗಳ ಇದಕ್ಕೇ ಆಗಲಿ. ನೋಟು ಬೇಡ ಅಂದರೆ ತಲೆ ಹೋಗುತ್ತದೆಂದು ಅವನು ನಡುಗುವ ಸಾಲು ಮಾತ್ರ ತೆಗೆಯಿರಿ. ಅಂಥ ಕಾನೂನು ಬಂದದ್ದು 1793ರಲ್ಲಿ.

ನಮ್ಮ 2016ರ ನೋಟು ರದ್ದತಿಯ ಹೋಲಿಕೆಯೂ ಬೇಡ. ಇಲ್ಲಿ ನೋಟು ಸಾಲಲಿಲ್ಲ, ಅಲ್ಲಿ ಜಾಸ್ತಿಯಾಯಿತು.

ಕೊನೆಯಲ್ಲಿ, 1796ರ ಫೆಬ್ರವರಿ 19ರಂದು ಪ್ಯಾರಿಸ್ಸಿನ ವಾಂದೋಮ್ ಚೌಕದಲ್ಲಿ ನೋಟಿನ ಅಚ್ಚಿನ ಸಾಮಾನು ಸುಟ್ಟಿದ್ದನ್ನು 'ನ್ಯಾಯ ಗೆದ್ದಿತು' ಅಂತ ಮುಗಿಸಿದ್ದೀರಿ. ಯಾರ ನ್ಯಾಯ? ಅಷ್ಟರಲ್ಲಿ 100 ಲಿವ್ರ್ ನೋಟಿಗೆ 1 ಲಿವ್ರ್ ಬೆಳ್ಳಿಯೂ ಹುಟ್ಟುತ್ತಿರಲಿಲ್ಲ. ಅವಳ ಪೆಟ್ಟಿಗೆಯಲ್ಲಿ ಎಷ್ಟು ನೋಟು ಉಳಿದಿತ್ತು, ಅದನ್ನು ಹೇಳಿ.

ಐದು ಪುಟದೊಳಗೆ ಮತ್ತೆ ಬರೆದು ಕಳಿಸಿ. ಇನ್ನೊಂದು ಮಾತು. ಆಗಿನ ಎಷ್ಟೋ ನೋಟುಗಳ ಮೇಲೆ, ನಕಲು ಮಾಡಿದವನಿಗೆ ಮರಣದಂಡನೆ, ಹಿಡಿದುಕೊಟ್ಟವನಿಗೆ ಬಹುಮಾನ ಅಂತ ಅಚ್ಚಾಗಿರುತ್ತಿತ್ತು. ಅವಳಿಗೆ ಓದು ಬಾರದಿದ್ದರೆ ಬೇಕರಿಯವನೇ ಓದಿ ಹೇಳಲಿ.